ಹೆಂಚಿನ ಕಾರ್ಖಾನೆಯ ರೈಟರ್ ಮೀನು ಸುಟ್ಟದ್ದು

ಒಳಗೆ ಒಲೆಯ ಮೇಲೆ ಕುದಿಯುವ ಸಾರಿನ ತಂಟೆಗೆ ಯಾರೂ ಹೋಗುವುದಿಲ್ಲ. ಅಂಗಳದಲ್ಲಿ ಕೆಂಡ ಮಾಡಿ ಮೀನು ಸುಡುವವನ ತಂಟೆಗೆ ಮಾತ್ರ ದಾರಿಯಲ್ಲಿ ಹೋಗುವವರೆಲ್ಲ ಬರುತ್ತಾರೆ. ಗಾಳಿ ಹಾಕು ಎನ್ನುವವನೊಬ್ಬ, ಹಾಕಬೇಡ ಎನ್ನುವವನೊಬ್ಬ, ಮಗುಚಿ ಹಾಕು ಎಂದು ಬೇಲಿಯಾಚೆಯಿಂದ ಕೂಗುವವಳೊಬ್ಬಳು. ಹಾಗಾಗಿ ನನ್ನ ಅಂಗಳದಲ್ಲಿ ಏನಾದರೊಂದು ಫಜೀತಿ ಆಗದೆ ಭಾನುವಾರ ಮುಗಿದದ್ದೇ ಅಪರೂಪ. ಅಂಥವುಗಳಲ್ಲಿ ನನ್ನ ಮರ್ಯಾದೆ ಪೂರ್ತಿ ಹೋಗದೆ ಉಳಿದ ಕೆಲವನ್ನು ಇಲ್ಲಿ ಹೇಳುತ್ತೇನೆ.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ನಾನು ಬೋಳಾರದ ಹೊಳೆಬದಿಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ರೈಟರ್. ಹಡಗಿಗೆ ಹೋಗುವ ಹೆಂಚಿನ ಚೀಟಿ ಬರೆಯುವುದು ನನ್ನ ಕೆಲಸ. ಆ ಕೆಲಸದಲ್ಲಿ ನಾನು ಸಾಧಾರಣ ಮನುಷ್ಯ. ಆದರೆ ಮುಳ್ಳು ತೆಗೆದು, ಮಸಾಲೆ ಹಚ್ಚಿ, ತೆಂಗಿನ ಗೆರಟೆಯ ಕೆಂಡದಲ್ಲಿ ನಾನು ಸುಟ್ಟಂಥ ಮೀನನ್ನು ಆಗ ಮಂಗಳೂರಿನಲ್ಲಿ ಬೇರೆ ಯಾರೂ ಸುಡುತ್ತಿರಲಿಲ್ಲ. ಇದು ಜಂಬ ಅಂತ ನಿಮಗೆ ಅನ್ನಿಸಬಹುದು. ಜಂಬವೇ.

ನಾನು ಹುಟ್ಟಿದ್ದು ಹೊಳೆಯಾಚೆ ಬೆಂಗರೆಯಲ್ಲಿ, ತಲೆತಲಾಂತರದಿಂದ ಕಡಲಿಗೆ ಇಳಿದೇ ಬದುಕಿದ ಮೊಗವೀರರ ಮನೆಯಲ್ಲಿ. ನಮ್ಮಲ್ಲಿ ತಂದೆಯ ನಂತರ ಮಗ ಅಲ್ಲ, ಮಾವನ ನಂತರ ಅಳಿಯ. ನನ್ನ ಸೋದರಮಾವ ಒಂದು ರಂಪಣಿ ಬಲೆಯ ತಂಡೇಲರು. ರಂಪಣಿ ಎಂದರೆ ದಡದಿಂದಲೇ ಎಳೆಯುವ ದೊಡ್ಡ ಬಲೆ. ತಂಡೇಲ ಎಂದರೆ ಅದರ ಯಜಮಾನ. ಬೆಳಗ್ಗೆ ಮರಳಿನ ಮೇಲೆ ನಿಂತು, ಅರ್ಧ ಮೈಲಿ ಆಚೆ ನೀರಿನ ಬಣ್ಣ ತಿರುಗಿದ್ದನ್ನು ನೋಡಿ ಅವರು ತಲೆಯ ಬಟ್ಟೆ ಬಿಚ್ಚಿ ಬೀಸಿದರೆ ಎಪ್ಪತ್ತೆಂಬತ್ತು ಜನ ಒಟ್ಟಿಗೆ ಏಳುತ್ತಿದ್ದರು. ಅವರ ನಂತರ ಆ ಮರಳಿನ ಮೇಲೆ ನಿಲ್ಲಬೇಕಾದ ಅಳಿಯ ನಾನು. ನಾಲ್ಕಕ್ಷರ ಕಲಿತು ಕಾರ್ಖಾನೆಯ ಮೇಜಿಗೆ ಹೋಗಿ ಕೂತೆ.

ಮಾವ ಇದನ್ನು ಕ್ಷಮಿಸಲಿಲ್ಲ. ಬೈಯಲೂ ಇಲ್ಲ. "ಉಪ್ಪುನೀರು ಕುಡಿಯದವನ ಕೈಯಲ್ಲಿ ಮೀನು ರುಚಿ ಆಗುವುದಿಲ್ಲ" ಎಂದು ಒಂದು ಸಲ ಹೇಳಿದರು, ಅಷ್ಟೇ. ಇಡೀ ಬೋಳಾರ ಹೊಗಳಿದ ನನ್ನ ಮೀನನ್ನು ಅವರು ಬಾಯಿಗೇ ಇಡುತ್ತಿರಲಿಲ್ಲ.

ಅವರ ಬಲೆಯವರಲ್ಲಿ ಒಂದು ರೂಢಿ ಇತ್ತು. ಮಳೆಗಾಲ ಕಳೆದು ಬಲೆ ಮೊದಲ ಸಲ ನೀರಿಗೆ ಇಳಿದ ದಿನ, ಸಿಕ್ಕಿದ್ದರಲ್ಲಿ ಕೆಲವು ಬುಟ್ಟಿ ಮೀನನ್ನು ಅಲ್ಲೇ ಮರಳಿನ ಮೇಲೆ ಸುಟ್ಟು ಎಲ್ಲರೂ ಕೂತು ತಿನ್ನುವುದು. ಯಾರು ಸುಡಬೇಕೆಂದು ತಂಡೇಲರೇ ಹೇಳಬೇಕು. ಒಂದೇ ಒಂದು ವರ್ಷ ಆ ಕೆಂಡದ ಮುಂದೆ ಮಾವ ನನ್ನನ್ನು ಕೂರಿಸಬೇಕು, ತಿಂದು ಎಲ್ಲರ ಎದುರು "ಚಂದ ಆಗಿದೆ" ಎನ್ನಬೇಕು. ಸಂಬಳದ ಬಡ್ತಿಗಿಂತ ನನಗೆ ಇದೇ ದೊಡ್ಡದಾಗಿತ್ತು.

ಒಂದು: ದೊರೆಯ ಅಡುಗೆಮನೆ

ಮುಳ್ಳು ತೆಗೆಯುವ ವಿದ್ಯೆಯನ್ನು ನಾನು ಕಲಿತದ್ದು ಕಡಲಿನವರಿಂದ ಅಲ್ಲ. ನಮ್ಮ ಕಾರ್ಖಾನೆಯ ಯಂತ್ರ ನೋಡಿಕೊಳ್ಳಲು ಒಬ್ಬ ಬಿಳಿ ದೊರೆ ಇದ್ದ. ಗುಡ್ಡದ ಮೇಲೆ ಅವನ ಬಂಗಲೆ. ಕಾಗದಕ್ಕೆ ಅವನ ರುಜು ಬೇಕಾದರೆ ನಾನು ಹತ್ತಿ ಹೋಗಬೇಕಿತ್ತು. ದೊರೆಯ ಸ್ನಾನ ಮುಗಿಯುವುದು ಒಂದು ತಾಸಿನ ಕೆಲಸವಾದ್ದರಿಂದ ನಾನು ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಅಲ್ಲಿ ಅಡುಗೆ ಮಾಡುವ ಬಟ್ಲರನ ಕೈಚಳಕ ನೋಡುತ್ತಿದ್ದೆ.

ಬಟ್ಲರ್ ಮೀನನ್ನು ಹಲಗೆಯ ಮೇಲೆ ಮಲಗಿಸಿ, ಕಿವಿರಿನ ಹಿಂದೆ ತೆಳ್ಳಗಿನ ಕತ್ತಿ ಇಳಿಸಿ, ನಡುಮುಳ್ಳಿಗೆ ತಾಗಿದ ಕೂಡಲೇ ಕತ್ತಿಯನ್ನು ಅಡ್ಡ ತಿರುಗಿಸಿ ಬಾಲದವರೆಗೆ ಎಳೆಯುತ್ತಿದ್ದ. ಎರಡು ಎಳೆತಕ್ಕೆ ಮಾಂಸವೆಲ್ಲ ಎರಡು ಹಲಗೆಯಾಗಿ ಈಚೆ ಬರುತ್ತಿತ್ತು, ಮುಳ್ಳಿನ ಗೂಡು ತಲೆಸಮೇತ ಆಚೆ ಉಳಿಯುತ್ತಿತ್ತು. ಅದಕ್ಕೆ ಉಪ್ಪು, ಕರಿಮೆಣಸು, ಲಿಂಬೆಹುಳಿ ಹಿಂಡಿ ಕಬ್ಬಿಣದ ಸರಳಿನ ಮೇಲೆ ಸುಡುವುದು.

"ಕೆಂಪು ಮೆಣಸು ಹಾಕುವುದಿಲ್ಲವಾ?" ಎಂದು ಕೇಳಿದೆ.

"ಹಾಕಿದರೆ ದೊರೆಗೆ ಇನ್ನೊಂದು ಸ್ನಾನ ಆಗಬೇಕಾಗ್ತದೆ" ಎಂದ.

ನನಗೆ ಆಗಲೇ ಹೊಳೆಯಿತು. ಕೊಯ್ಯುವುದು ಅವನ ಹಾಗೆ, ಮಸಾಲೆ ನಮ್ಮದು, ಕೆಂಡ ಗೆರಟೆಯದ್ದು. ಇದು ಇನ್ನೂ ಯಾರ ತಲೆಗೂ ಬಂದಿಲ್ಲ ಎಂದು ಗುಡ್ಡ ಇಳಿಯುವಾಗಲೇ ನನಗೆ ಹೆಮ್ಮೆ ಶುರುವಾಗಿತ್ತು.

ಆ ಭಾನುವಾರ ಬಂದರಿನಿಂದ ಮೊಳದುದ್ದದ ಒಂದು ಕೊಡ್ಡಾಯಿ ಮೀನು ತಂದೆ. ಕತ್ತಿ ಮಸೆದೆ. ಹೆಂಡತಿ ಮತ್ತು ತಾಯಿ ಬಾಗಿಲಲ್ಲಿ ನಿಂತು ನೋಡಿದರು. ಬಟ್ಲರನ ಎರಡು ಎಳೆತದ ಕೆಲಸ ನನಗೆ ಇಪ್ಪತ್ತೆರಡು ಎಳೆತವಾಯಿತು. ಕೊನೆಗೆ ನನ್ನ ಕೈಗೆ ಬಂದದ್ದು ಹಪ್ಪಳದಷ್ಟು ತೆಳ್ಳಗಿನ ಎರಡು ಹರಕು ತುಂಡು. ಮಿಕ್ಕ ಮೀನೆಲ್ಲ ಮುಳ್ಳಿನ ಗೂಡಿಗೇ ಅಂಟಿಕೊಂಡಿತ್ತು. ಹೆಂಡತಿ ಆ ಗೂಡನ್ನು ಒಳಗೆ ಕೊಂಡುಹೋಗಿ ತೆಂಗಿನಕಾಯಿ ಅರೆದು ಗಸಿ ಮಾಡಿದಳು.

ಊಟಕ್ಕೆ ಕೂತಾಗ ನನ್ನ ತುಂಡುಗಳು ಒಂದೊಂದು ತುತ್ತಿಗೆ ಮುಗಿದವು. ಗಸಿಯನ್ನು ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ತಾಯಿ ಬೆರಳು ನೆಕ್ಕಿದರು. ನಾನು ಮುಖ ಸಣ್ಣ ಮಾಡಿಕೊಂಡದ್ದನ್ನು ನೋಡಿ ಹೆಂಡತಿಗೆ ಪಾಪ ಅನ್ನಿಸಿರಬೇಕು.

"ಬೇಜಾರು ಮಾಡಬೇಡಿ" ಎಂದಳು. "ನೀವು ತೆಗೆದ ಮುಳ್ಳು ಬಹಳ ರುಚಿ ಉಂಟು."

ಎರಡು: ಬಾವಿಯ ಮಸಾಲೆ

ಕೈ ಕುದುರಲು ಒಂದು ವರ್ಷ ಬೇಕಾಯಿತು. ಆ ಮೇಲೆ ನನ್ನ ಕತ್ತಿಗೆ ಬಟ್ಲರನೇ ತಲೆದೂಗಿದ. ಮಸಾಲೆಯಲ್ಲಂತೂ ನಾನು ಅವನ ಗುರು. ಮೊದಲು ಉಪ್ಪು, ಅರಸಿನ, ಪುನರ್ಪುಳಿಯ ಸಿಪ್ಪೆ ನೆನೆಸಿದ ಹುಳಿನೀರು. ಅದು ಅರ್ಧ ತಾಸು. ನೀರು ಸೋರಿಸಿ, ಹುರಿದ ಕುಮ್ಟೆ ಮೆಣಸು, ಜೀರಿಗೆ, ಬೆಳ್ಳುಳ್ಳಿ ಬೆಣ್ಣೆಯ ಹಾಗೆ ಅರೆದು ದಪ್ಪಗೆ ಹಚ್ಚಿದರೆ ಎರಡು ತಾಸು. ಅರೆಯುವ ಕಲ್ಲಿಗೆ ಒಂದು ಹನಿ ನೀರು ಜಾಸ್ತಿ ಬಿದ್ದರೂ ನಾನು ಎದ್ದು ನಿಲ್ಲುತ್ತಿದ್ದೆ. ಅರೆಯುವವಳು ಹೆಂಡತಿಯಾದ್ದರಿಂದ ಆಮೇಲೆ ಕೂತುಕೊಳ್ಳುತ್ತಿದ್ದೆ.

ಇದು ಮಾವನ ಕಿವಿಗೂ ಬಿತ್ತು. "ಮೀನಿಗೆ ಮದುಮಗಳ ಹಾಗೆ ಎಷ್ಟು ಹೊತ್ತು ಅರಸಿನ ಹಚ್ಚುವುದು ಮಾರಾಯ, ದಿಬ್ಬಣ ಯಾವಾಗ ಹೊರಡುವುದು?" ಎಂದು ಕೇಳಿ ಕಳಿಸಿದರು.

ಏಪ್ರಿಲ್ ಮೇ ಸೆಕೆಗೆ ಎರಡು ತಾಸು ಇಟ್ಟ ಮೀನು ಮೆತ್ತಗಾಗುತ್ತದೆ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಮಸಾಲೆ ಹಚ್ಚಿದ ತುಂಡುಗಳನ್ನು ತಪ್ಪಲೆಗೆ ತುಂಬಿ, ಬಾಳೆಲೆ ಕಟ್ಟಿ, ಹಗ್ಗದಲ್ಲಿ ಬಾವಿಯೊಳಗೆ ಇಳಿಬಿಡುವುದು. ನೀರಿಗೆ ತಾಗದೆ ಒಂದು ಗೇಣು ಮೇಲೆ ತಣ್ಣಗೆ ತೂಗಿಕೊಂಡಿರುತ್ತದೆ. ಈ ಬುದ್ಧಿಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಬಾವಿ ಮಾತ್ರ ಐದು ಮನೆಗೆ ಸೇರಿದ್ದು. ಪಕ್ಕದ ಮನೆಯ ಅತ್ತೆಯಮ್ಮ ಎಂದಿನಂತೆ ಬಂದು, ಒಳಗೆ ನೋಡದೆ, ತಾಮ್ರದ ಕೊಡಪಾನವನ್ನು ದಡಕ್ಕನೆ ಬಿಟ್ಟರು. ಅದು ನೇರ ನನ್ನ ತಪ್ಪಲೆಗೆ ಬಡಿಯಿತು. ಎರಡು ಸೇರು ಮಸಾಲೆ, ಎಂಟು ತುಂಡು ಅಂಜಲ್ ಮೀನು, ಹಗ್ಗ, ಬಾಳೆಲೆ, ಎಲ್ಲ ನೀರಿಗೆ. ನಾನು ಓಡಿ ಬಂದು ಬಗ್ಗಿದಾಗ ಬಾವಿ ಕೆಂಪಾಗುತ್ತಾ ಇತ್ತು. ವಾಸನೆ ಅದ್ಭುತವಾಗಿತ್ತು, ಅದನ್ನು ಹೇಳಲೇಬೇಕು.

ಐದು ಮನೆಯವರೂ ಮೀನು ತಿನ್ನುವವರೇ. ಆದರೆ ಅದನ್ನು ಕುಡಿಯುವ ಅಭ್ಯಾಸ ಯಾರಿಗೂ ಇರಲಿಲ್ಲ. ಎಲ್ಲರೂ ಸೇರಿ ನನಗೆ ಬೈದರು. ಬಾವಿಯನ್ನು ತಳ ಕಾಣುವವರೆಗೆ ಮೊಗೆದು ಹಾಕುವುದೆಂದು ತೀರ್ಮಾನವಾಯಿತು. ಗಂಡಸರೆಲ್ಲ ಲುಂಗಿ ಎತ್ತಿಕಟ್ಟಿ ನಿಂತು ಸಂಜೆಯವರೆಗೆ ಮೊಗೆದರು.

ತಳದ ಕೆಸರಿನಲ್ಲಿ ಒಂದೊಂದೇ ಸಾಮಾನು ಸಿಕ್ಕತೊಡಗಿತು. ಎರಡು ಗಡಗಡೆ, ಒಬ್ಬರ ಬೆಳ್ಳಿಯ ಉಡಿದಾರದ ತುಂಡು, ಇನ್ನೊಬ್ಬರ ಕತ್ತಿ. ಬೆಳಗ್ಗೆ ಬೈದವರೇ ಸಂಜೆ ನನ್ನನ್ನು ಹೊಗಳತೊಡಗಿದರು. ನಾನು ಎದೆ ಉಬ್ಬಿಸಿ ನಿಂತೆ. ಕೊನೆಯ ಬುಟ್ಟಿಯಲ್ಲಿ ಒಂದು ಹಿತ್ತಾಳೆ ಚೆಂಬು ಬಂತು. ಅದು ಪಕ್ಕದ ಮನೆಯ ಅತ್ತೆಯಮ್ಮನದ್ದು. ಏಳು ವರ್ಷದ ಹಿಂದೆ ಕಾಣೆಯಾದದ್ದು. ಸೊಸೆ ಅದನ್ನು ತವರಿಗೆ ಸಾಗಿಸಿದ್ದಾಳೆಂದು ಅವರು ಕೇರಿಗೆಲ್ಲ ಹೇಳಿದ್ದರು. ಸೊಸೆ ಬಂದು ಚೆಂಬನ್ನು ಎತ್ತಿಕೊಂಡು, ಎಲ್ಲರಿಗೂ ಕಾಣುವಂತೆ ಮೂರು ಸಲ ತೊಳೆದಳು.

ಅತ್ತೆಯಮ್ಮ ನನ್ನನ್ನು ದುರುಗುಟ್ಟಿ ನೋಡಿದರು. "ನಿನ್ನ ಮೀನಿಗೆ ಬೆಂಕಿ ಬೀಳಲಿ" ಎಂದರು. "ಇನ್ನು ನಾನು ಅವಳಿಗೆ ಎಂತ ಹೇಳಿ ಬೈಯಲಿ?"

ಮೂರು: ಕೊಡೆ ಗುರುತು

ನನ್ನ ಹೆಸರು ಕಾರ್ಖಾನೆಯ ಧಣಿಗಳವರೆಗೂ ಹೋಯಿತು. ಒಂದು ಶನಿವಾರ ಅವರು ನನ್ನ ಮೇಜಿನ ಹತ್ತಿರ ನಿಂತು, "ರೈಟರೇ, ನಾಳೆ ನಿಮ್ಮ ಮನೆಗೆ ಮೀನು ತಿನ್ನಲಿಕ್ಕೆ ಬರ್ತೇನೆ" ಎಂದರು. ಧಣಿಗಳು ರೈಟರನ ಮನೆಗೆ ಊಟಕ್ಕೆ ಬಂದದ್ದನ್ನು ನಾನಂತೂ ಕೇಳಿರಲಿಲ್ಲ. ಆ ಸಂಜೆ ನಾನು ಮನೆಗೆ ನಡೆದು ಹೋದದ್ದೋ ಹಾರಿ ಹೋದದ್ದೋ ನನಗೆ ನೆನಪಿಲ್ಲ.

ಮರುದಿನ ಎರಡು ದೊಡ್ಡ ಮಾಂಜಿ ಮೀನು ಕೊಯ್ದು ಮಸಾಲೆ ಹಚ್ಚಿ, ಗೆರಟೆಗೆ ಬೆಂಕಿ ಕೊಟ್ಟು, ಸುಡುವ ಸರಳಿನ ಚೌಕಟ್ಟು ಎಲ್ಲಿ ಎಂದು ಹುಡುಕಿದೆ. ಕಾರ್ಖಾನೆಯ ಕಮ್ಮಾರನಿಂದ ಮಾಡಿಸಿದ ಚೌಕಟ್ಟು ಅದು. ಬೇಲಿಯಾಚೆಯ ಮನೆಯವರು ಎರಡು ದಿನಕ್ಕೆಂದು ಒಯ್ದು, ಅದನ್ನು ಕೋಳಿಗೂಡಿಗೆ ಬಾಗಿಲು ಮಾಡಿದ್ದರು. ಒಳಗೆ ಕಾವಿಗೆ ಕೂತ ಹೇಂಟೆ. ಧಣಿಗಳ ಜಟಕಾದ ಗೆಜ್ಜೆ ತಿರುವಿನಲ್ಲಿ ಕೇಳುತ್ತಿತ್ತು.

ಮನೆ ಹಿಂದೆ ಮಾಡಿಗೆ, ಅಂದರೆ ಸೂರಿಗೆ, ಹೊದಿಸಿ ಉಳಿದ ಹೆಂಚು ನಾಲ್ಕು ಇತ್ತು. ಒಂದನ್ನು ತೊಳೆದು, ಕವುಚಿ ಹಾಕಿ, ಕೆಂಡದ ಮೇಲೆ ಇಟ್ಟು, ಎಣ್ಣೆ ಸವರಿದೆ. ಮಣ್ಣಿನ ಹೆಂಚು ಕಾವನ್ನು ಎಷ್ಟು ಸಮನಾಗಿ ಹಿಡಿಯುತ್ತದೆ ಎಂಬುದು ಹೆಂಚಿನ ಕಾರ್ಖಾನೆಯಲ್ಲಿ ದುಡಿದವನಿಗೇ ಗೊತ್ತು. ಮೀನು ಚೊಂಯ್ ಎಂದಿತು. ಸರಳಿನ ಮೇಲೆ ಬಂದದ್ದಕ್ಕಿಂತ ಒಳ್ಳೆಯ ಬಣ್ಣ ಬಂತು. ಗಾಬರಿಯಲ್ಲಿ ಮಾಡಿದ್ದು ಗೆದ್ದಿತು ಎಂದುಕೊಂಡು, ಮಗುಚಿ ಬಾಳೆಲೆಯ ಮೇಲಿಟ್ಟು ಧಣಿಗಳ ಮುಂದೆ ತಂದೆ.

ಪ್ರತಿ ಕಾರ್ಖಾನೆಯವರೂ ಹೆಂಚಿನ ಅಡಿಮೈಯಲ್ಲಿ ತಮ್ಮ ಗುರುತನ್ನು ಉಬ್ಬಾಗಿ ಒತ್ತುತ್ತಾರೆ. ಇದನ್ನು ದಿನಕ್ಕೆ ನೂರು ಸಲ ನೋಡುವ ನಾನು ಮರೆತಿದ್ದೆ. ಮೀನಿನ ನಡುವೆ, ಮಸಾಲೆಯ ಕೆಂಪಿನಲ್ಲಿ, ಕಡ್ಡಿ ಹಿಡಿ ಎಲ್ಲ ಸ್ಪಷ್ಟವಾಗಿ, ಒಂದು ಕೊಡೆ ಮೂಡಿತ್ತು. ಕೊಡೆ ನಮ್ಮ ಗುರುತು ಅಲ್ಲ. ಅದು ಹೊಳೆಯ ಆಚೆ ದಡದ ಕಾರ್ಖಾನೆಯವರದ್ದು. ಅವರ ಸುದ್ದಿ ಎತ್ತಿದರೆ ನಮ್ಮ ಧಣಿಗಳು ಊಟ ಬಿಡುತ್ತಿದ್ದರು.

ಧಣಿಗಳು ಮೀನನ್ನು ನೋಡಿದರು. ಆಮೇಲೆ ಮೆಲ್ಲಗೆ ತಲೆ ಎತ್ತಿ ಮಾಡನ್ನು ನೋಡಿದರು. ನಾನು ಈ ಕಾರ್ಖಾನೆಗೆ ಸೇರುವ ಮೊದಲೇ ಹೊದಿಸಿದ ಮಾಡು ಅದು. ಈ ಗೋಡೆಯಿಂದ ಆ ಗೋಡೆಯವರೆಗೆ ಸಾಲು ಸಾಲಾಗಿ ಕೊಡೆಗಳು. ಹೆಂಡತಿ ಒಳಗಿನಿಂದ ಅನ್ನ ತರುತ್ತಿದ್ದವಳು ಹಾಗೇ ಹಿಂದಕ್ಕೆ ಹೋದಳು.

ಅವರು ಊಟ ಬಿಡಲಿಲ್ಲ. ಕೊಡೆಯ ಹಿಡಿಯಿಂದ ಶುರುಮಾಡಿ ಪೂರ್ತಿ ತಿಂದರು. ಇನ್ನೊಂದು ಕೊಡೆ ಕೇಳಿ ಹಾಕಿಸಿಕೊಂಡರು. ಸೋಮವಾರ ಬೆಳಗ್ಗೆ ನೋಡಿದರೆ ನನ್ನ ಮೇಜಿನ ಮೇಲೆ ನಮ್ಮ ಕಾರ್ಖಾನೆಯ ಹೊಸ ಹೆಂಚೊಂದು ಇತ್ತು. "ಗುರುತು ಚೆನ್ನಾಗಿ ಬಿದ್ದದ್ದನ್ನೇ ನೋಡಿ ಆರಿಸಿದ್ದೇನೆ" ಎಂದರು ಧಣಿಗಳು. "ಬರುವ ಭಾನುವಾರ ನನ್ನ ಭಾವನವರೂ ಬರ್ತಾರೆ."

ಧಣಿಗಳೇ ಹೊಗಳಿದ ಮೇಲೆ ಇನ್ನೇನು ಎಂದು ನಾನು ಬೆಂಗರೆಗೆ ಸುದ್ದಿ ಮುಟ್ಟಿಸಿದೆ. ಅಲ್ಲಿಂದ ಮಾವನ ಉತ್ತರ ಬಂತು: "ಹೆಂಚಿನ ಮೇಲೆ ಮೀನು ಇಟ್ಟಾಯ್ತಲ್ಲ. ಇನ್ನು ಮೀನನ್ನೇ ಮಾಡಿಗೆ ಹೊದಿಸಲಿ."

ನಾಲ್ಕು: ಮಾವನ ಪಥ್ಯ

ಮಾವ ತಿಂಗಳಿಗೊಮ್ಮೆ ದೋಣಿ ದಾಟಿ ತಂಗಿಯನ್ನು, ಅಂದರೆ ನನ್ನ ತಾಯಿಯನ್ನು ನೋಡಲು ಬರುತ್ತಿದ್ದರು. ಬಂದರೆ ಹೆಂಡತಿ ಮಾಡಿದ ಸಾರು ಉಣ್ಣುತ್ತಿದ್ದರು. ನನ್ನ ಕೆಂಡದ ಕಡೆ ಬೆನ್ನು ಹಾಕಿ ಕೂರುತ್ತಿದ್ದರು. ಅವರು ಬೂತಾಯಿ ತಿನ್ನುವುದನ್ನು ನೋಡಬೇಕಿತ್ತು. ಇಡೀ ಮೀನನ್ನು ಬಾಯಿಗೆ ಹಾಕಿ, ಬಾಲ ಹಿಡಿದು ಎಳೆದರೆ ಬಾಚಣಿಗೆಯ ಹಾಗೆ ಮುಳ್ಳು ಮಾತ್ರ ಹೊರಗೆ ಬರುತ್ತಿತ್ತು.

ಆ ವರ್ಷ ಅವರು ಬೂತಾಯಿ ಬೇಡ ಎಂದರು, ಈ ಸಲ ರುಚಿ ಇಲ್ಲವಂತೆ. ಬಂಗುಡೆ ಉಷ್ಣವಂತೆ. ಕಾಣೆಯಂತೂ ಹೆಂಗಸರು ತಿನ್ನುವ ಮೀನಂತೆ. ಬರೀ ಗಂಜಿ, ಉಪ್ಪಿನಕಾಯಿ. ತಾಯಿಗೆ ಹೆದರಿಕೆಯಾಯಿತು. ಅರವತ್ತು ದಾಟಿದ ತಂಡೇಲ ಮೀನು ಬಿಟ್ಟರೆ ಇನ್ನೇನು ಉಳಿಯಿತು ಎಂದು ಕಣ್ಣೀರು ಹಾಕಿದರು.

ನಾನು ಒಂದು ದಿನ ಅವರನ್ನು ಗಮನಿಸಿ ನೋಡಿದೆ. ಜಗಲಿಯಲ್ಲಿ ಕೂತವರು ಹೊಳೆಯ ಕಡೆ ಕೈತೋರಿಸಿ, "ಆ ಪತ್ತೆಮಾರಿಯ ಹಾಯಿಗೆ ತೇಪೆ ಉಂಟು, ಮೇಲಿನಿಂದ ಎರಡನೇ ಪಟ್ಟಿ" ಎಂದರು. ಕನ್ನಡಕ ಹಾಕಿದ ನನಗೆ ಪತ್ತೆಮಾರಿಯೇ ಕಾಣಿಸಲಿಲ್ಲ. ಆಮೇಲೆ ಊಟಕ್ಕೆ ಕೂತರು. ತಾಯಿಯ ಒತ್ತಾಯಕ್ಕೆ ಒಂದು ಬಂಗುಡೆ ಹಾಕಿಸಿಕೊಂಡರು. ಸಾರಿನಲ್ಲಿದ್ದ ಕರಿಬೇವಿನ ಕಡ್ಡಿಯನ್ನು ಮುಳ್ಳೆಂದು ಎರಡು ಬೆರಳಲ್ಲಿ ಎತ್ತಿ ಬಹಳ ಜೋಪಾನವಾಗಿ ಎಲೆಯ ಬದಿಗಿಟ್ಟರು. ಮುಳ್ಳು ಅಲ್ಲೇ ಇತ್ತು.

ಆಗ ಗೊತ್ತಾಯಿತು. ದೂರದ ಕಣ್ಣು ಗಿಡುಗನದ್ದು, ಹತ್ತಿರದ ಕಣ್ಣು ಹೋಗಿದೆ. ಒಂದು ಕನ್ನಡಕದಲ್ಲಿ ಮುಗಿಯುವ ಸಂಗತಿ. ಆದರೆ ತಂಡೇಲರು ಕನ್ನಡಕ ಹಾಕಿದರೆಂದು ಬೆಂಗರೆಗೆ ತಿಳಿದರೆ ಮರುದಿನ ಅವರು ಬಟ್ಟೆ ಬೀಸಿದಾಗ ಯಾರು ಬಲೆಗೆ ಕೈಹಾಕುತ್ತಾರೆ? ಇದು ಹತ್ತಿರದ ಕಣ್ಣು, ಅದು ದೂರದ ಕಣ್ಣು ಎಂದು ಎಂಬತ್ತು ಜನರಿಗೆ ಬಿಡಿಸಿ ಹೇಳುತ್ತಾ ಕೂರಲು ಆಗುತ್ತದೆಯೇ? ಪಾಪ, ಅದಕ್ಕೇ ಈ ಮನುಷ್ಯ ಉಪ್ಪಿನಕಾಯಿ ತಿಂದು ಬದುಕುತ್ತಿದ್ದಾನಲ್ಲ ಎಂದುಕೊಂಡೆ.

ನಾನು ಯಾರಿಗೂ ಹೇಳಲಿಲ್ಲ. ಮುಂದಿನ ತಿಂಗಳು ಅವರು ಬಂದ ದಿನ ನಾಲ್ಕು ಬಂಗುಡೆ ಕೊಯ್ದು, ನಡುವಿನ ಸಣ್ಣ ಮುಳ್ಳುಗಳನ್ನೂ ಒಂದೊಂದಾಗಿ ಬೆರಳಿಗೆ ತಾಗಿಸಿ ಕಿತ್ತು, ಸುಟ್ಟು ಅವರ ಎಲೆಯ ಬದಿಗಿಟ್ಟೆ. "ಮಾವ, ಧಣಿಗಳಿಗೆ ಅಂತ ಮಾಡಿದ್ದು. ಮಿಕ್ಕಿತು. ಬಿಸಾಡಬೇಕಾಗ್ತದೆ" ಎಂದು ಹೇಳಿ ಹೊರಗೆ ಹೋದೆ.

ಬಾಗಿಲ ಸಂದಿಯಿಂದ ನೋಡಿದೆ. ಅವರು ಒಂದು ತುಂಡನ್ನು ಬೆರಳಿನಿಂದ ಈ ತುದಿಯಿಂದ ಆ ತುದಿಯವರೆಗೆ ತಡವಿದರು. ಇನ್ನೊಮ್ಮೆ ತಡವಿದರು. ಬಾಯಿಗೆ ಹಾಕಿದರು. ಎಂಟೂ ತುಂಡು ಖಾಲಿಯಾಯಿತು. ನಾನು ಒಳಗೆ ಬಂದು, "ಹೇಗುಂಟು ಮಾವ?" ಎಂದೆ.

"ಹಸಿವು ಇತ್ತು" ಎಂದರು.

ಆಮೇಲೆ ಅವರಿಗೆ ತಂಗಿಯ ಮೇಲೆ ಪ್ರೀತಿ ಜಾಸ್ತಿಯಾಯಿತು. ತಿಂಗಳಿಗೊಮ್ಮೆ ಬರುತ್ತಿದ್ದವರು ವಾರ ವಾರ ಬರತೊಡಗಿದರು. ಒಂದು ಭಾನುವಾರ ಬಂದು, ಕೂತು, ತಿಂದು, ಕೈ ತೊಳೆದು, "ತಂಗಿ ಎಲ್ಲಿ?" ಎಂದು ಕೇಳಿದರು. ತಾಯಿ ಕೊಟ್ಟಾರದ ನೆಂಟರ ಮನೆಗೆ ಹೋಗಿ ನಾಲ್ಕು ದಿನವಾಗಿತ್ತು.

ಐದು: ಬಲೆ ಇಳಿದ ದಿನ

ಆ ವರ್ಷ ಮಳೆ ಬಿಟ್ಟ ಮೇಲೆ ದೋಣಿಯವನು ಕಾರ್ಖಾನೆಗೇ ಬಂದು, "ರೈಟರೇ, ತಂಡೇಲರು ಹೇಳಿದ್ದಾರೆ, ನಾಳೆ ಬಲೆ ಇಳಿಯುತ್ತದೆ, ಕತ್ತಿ ತರಬೇಕಂತೆ" ಎಂದ. ನಾನು ರಜೆ ಬರೆದುಕೊಟ್ಟೆ. ಕಾರಣ ಎಂಬಲ್ಲಿ "ಮನೆಯಲ್ಲಿ ಶುಭಕಾರ್ಯ" ಎಂದು ಬರೆದೆ. ಹೆಂಡತಿ ಅಂದು ಎಂದೂ ಅರೆಯದಷ್ಟು ಮಸಾಲೆ ಅರೆದಳು. ನೀರಿನ ಹನಿಯನ್ನು ಅವಳೇ ಎಣಿಸಿ ಹಾಕಿದಳು.

ಬೆಳಗ್ಗೆ ಮಾವ ಬಟ್ಟೆ ಬೀಸಿದ ಕಡೆಯೇ ಬಲೆ ಹೋಯಿತು. ಬಂಗುಡೆ ಹೊಳೆಯ ಹಾಗೆ ಬಂತು. ಎಳೆದು ಮುಗಿಯುವಾಗ ಬಿಸಿಲೇರಿತ್ತು. ಮನೆಗಳಿಂದ ಹೆಂಗಸರು ಕುಚ್ಚಲ ಅನ್ನ ತಂದಿಟ್ಟರು. ಇಷ್ಟು ವರ್ಷವೂ ಸುಡುತ್ತಿದ್ದವನು ಮಾವನ ಹಳೆಯ ಜೊತೆಗಾರ. ಮೀನನ್ನು ಇಡಿಯಾಗಿ ಕೆಂಡಕ್ಕೆ ಎಸೆದು, ಹೊರಗೆ ಇದ್ದಲು ಒಳಗೆ ಹಸಿ ಮಾಡುವುದು ಅವನ ಕ್ರಮ. ಆ ದಿನವೂ ಅವನು ಎದ್ದು ನಿಂತಿದ್ದ.

"ನೀನು ಕೂತುಕೋ" ಎಂದರು ಮಾವ ಅವನಿಗೆ. ಆಮೇಲೆ ಎಲ್ಲರಿಗೂ ಕೇಳುವಂತೆ, "ಈ ವರ್ಷ ಅಳಿಯ ಸುಡ್ತಾನೆ. ಅವನಿಗೆ ಆಸೆ ಉಂಟಂತೆ. ಪಾಪ, ಆಫೀಸಿನವನು" ಎಂದರು. ನನ್ನ ಹತ್ತಿರ ಬಂದು ಮಾತ್ರ ದನಿ ತಗ್ಗಿಸಿ, "ನನ್ನದು ಆ ದೊರೆಯ ಕ್ರಮದಲ್ಲೇ ಕೊಯ್ಯಿ. ಇವರಿಗೆ ತೋರಿಸಲಿಕ್ಕೆ" ಎಂದರು.

ನಾನು ನಾಲ್ಕು ಬಂಗುಡೆಯನ್ನು ಮುಳ್ಳು ತೆಗೆದು ಕೊಯ್ದೆ. ಮಿಕ್ಕವನ್ನು ಇಡಿಯಾಗಿ ಗೀರು ಹಾಕಿ ಮಸಾಲೆ ಹಚ್ಚುವುದೆಂದು ಬುಟ್ಟಿಗೆ ಕೈಹಾಕಿದ್ದೆ. ಹಳೆಯ ಜೊತೆಗಾರ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಕೊಯ್ದ ತುಂಡನ್ನು ಎತ್ತಿ, ಕೈ ಉದ್ದ ಮಾಡಿ ಆದಷ್ಟು ದೂರ ಹಿಡಿದು ನೋಡಿದ. "ಇದರಲ್ಲಿ ಮುಳ್ಳು ಇಲ್ಲವೇ ಇಲ್ಲವಾ?" ಎಂದು ಕೇಳಿದ. ಇಲ್ಲ ಎಂದೆ. "ಹಾಗಾದರೆ ನನಗೂ ಇದೇ ಕೊಡು. ಎಂತ ಅಂತ ನೋಡುವ."

ಅವನ ಹಿಂದೆ ಇನ್ನೊಬ್ಬ ಬಂದ. ಅವನೂ ಎಂತ ಅಂತ ನೋಡುವವನೇ. ಆಮೇಲೆ ಇಬ್ಬರು, ಆಮೇಲೆ ಐದು ಜನ. ಎಲ್ಲರೂ ಐವತ್ತು ದಾಟಿದವರು, ಎಲ್ಲರೂ ತುಂಡನ್ನು ಕೈ ಉದ್ದ ಮಾಡಿ ದೂರ ಹಿಡಿದು ನೋಡುವವರು. ಇಡೀ ಕರಾವಳಿಯ ಹಳೇ ಹುಲಿಗಳು ಮುಳ್ಳು ಕಾಣದೆ ಎಷ್ಟು ವರ್ಷದಿಂದ ಉಪ್ಪಿನಕಾಯಿ ತಿನ್ನುತ್ತಿದ್ದವೋ ದೇವರಿಗೇ ಗೊತ್ತು. ಪ್ರತಿಯೊಬ್ಬನೂ ತನ್ನೊಬ್ಬನಿಗೇ ಹೀಗೆ ಆಗಿದೆ ಎಂದುಕೊಂಡಿದ್ದ. ಮಾವ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದರು, ಆದರೆ ಅವರ ಹೆಗಲು ಅಲುಗುತ್ತಿತ್ತು. ನಗುತ್ತಿದ್ದರು ಎಂದು ನನ್ನ ಊಹೆ.

ಹಾಗೆ ನಲವತ್ತು ಬಂಗುಡೆ ಕೊಯ್ಯಬೇಕಾಯಿತು. ಕೊಯ್ದೆ. ಕತ್ತಿ ನಿಲ್ಲಲಿಲ್ಲ. ಹರೆಯದವರು ತಮ್ಮ ಇಡೀ ಮೀನು ಬಿಟ್ಟು ನನ್ನ ಕೈಯನ್ನು ನೋಡುತ್ತಾ ನಿಂತರು. ಮಸಾಲೆ ಹಿಡಿದ ತುಂಡುಗಳು ಕೆಂಡದ ಮೇಲೆ ಅಂಚು ಮಡಚಿ ಕೆಂಪಾದಾಗ ಗಾಳಿ ಆ ಪರಿಮಳವನ್ನು ಹೊಳೆ ಕಡಲು ಸೇರುವ ಅಳಿವೆಯವರೆಗೆ ಕೊಂಡೊಯ್ದಿತು. ಹೊಳೆಯಲ್ಲಿ ಹೋಗುತ್ತಿದ್ದ ಒಂದು ದೋಣಿ ತಾನಾಗಿ ದಡಕ್ಕೆ ಬಂತು. ನಾನು ಎದ್ದು ನಿಂತು, "ತಿನ್ನಿ. ಇದರಲ್ಲಿ ಒಂದೇ ಒಂದು ಮುಳ್ಳು ಸಿಕ್ಕಿದರೆ ನಾನು ರೈಟರ್ ಕೆಲಸ ಬಿಟ್ಟು ನಾಳೆಯಿಂದ ಬಲೆ ಎಳೆಯಲಿಕ್ಕೆ ಬರ್ತೇನೆ" ಎಂದು ಸಾರಿದೆ.

ಎಂಬತ್ತು ಜನ ತಿನ್ನಲು ಕೂತರು. ಕೊನೆಗೆ ಹಳೆಯ ಜೊತೆಗಾರ ಬೆರಳು ನೆಕ್ಕಿ, "ತಂಡೇಲರೇ, ನೀವೇ ಹೇಳಿ. ಹೇಗುಂಟು?" ಎಂದು ಕೇಳಿದ. ಎಲ್ಲರೂ ಮಾವನ ಕಡೆ ತಿರುಗಿದರು. ಕೈಗೆ ಏನಾದರೂ ಕೆಲಸ ಬೇಕಲ್ಲ ಎಂದು ನನ್ನ ಎಲೆಯಿಂದ ಒಂದು ತುಂಡು ಬಾಯಿಗೆ ಹಾಕಿಕೊಂಡೆ.

ಮುಳ್ಳು ಇತ್ತು. ನಲವತ್ತು ಬಂಗುಡೆಯಲ್ಲಿ ಉಳಿದ ಒಂದೇ ಒಂದು ಮುಳ್ಳು, ಅದು ನನ್ನ ಎಲೆಗೇ ಬಂದಿತ್ತು. ಗಂಟಲಿನಲ್ಲಿ ಅಡ್ಡ ನಿಂತಿತು. ಕೆಮ್ಮುವ ಹಾಗಿಲ್ಲ, ಉಗುಳುವ ಹಾಗಿಲ್ಲ, ನಾನು ಸಾರಿದ್ದು ಇನ್ನೂ ಎಲ್ಲರ ಕಿವಿಯಲ್ಲಿತ್ತು. ಮುಖ ಕುಮ್ಟೆ ಮೆಣಸಿನ ಹಾಗೆ ಕೆಂಪಾಗಿ, ಎರಡು ಕಣ್ಣಲ್ಲೂ ನೀರು ಇಳಿಯತೊಡಗಿತು.

"ಎಂತ ಆಯ್ತು ರೈಟರಿಗೆ?" ಎಂದು ಒಬ್ಬ ಎದ್ದ.

ಕೆಂಡದ ಆಚೆ ಬದಿಯಿಂದ ಮಾವ ನನ್ನ ಮುಖವನ್ನು ಒಮ್ಮೆ ನೋಡಿದರು. ಅಷ್ಟು ದೂರದ್ದು ಅವರಿಗೆ ಚೆನ್ನಾಗಿಯೇ ಕಾಣುತ್ತದೆ. ಸರಸರ ಬಂದು, ನನ್ನನ್ನು ಅಪ್ಪಿಕೊಂಡ ಹಾಗೆ ನಿಂತು, ಬೆನ್ನಿಗೆ ಎರಡು ಗುದ್ದು ಕೊಟ್ಟು, ಕುಚ್ಚಲ ಅನ್ನದ ದೊಡ್ಡ ಉಂಡೆಯೊಂದನ್ನು ಬಾಯಿಗೆ ತುರುಕಿದರು. ಆಮೇಲೆ ಎಂಬತ್ತು ಜನರ ಕಡೆ ತಿರುಗಿದರು.

"ಎಂತ ಇಲ್ಲ" ಎಂದರು. "ನಾನು ಈಗ ಇವನ ಕಿವಿಯಲ್ಲಿ ಹೇಳಿದೆ, ನನ್ನ ಆಯುಸ್ಸಿನಲ್ಲೇ ಇಂಥ ಮೀನು ತಿಂದದ್ದಿಲ್ಲ ಅಂತ. ಅದನ್ನು ಕೇಳಿ ಅಳ್ತಾ ಇದ್ದಾನೆ."

ಗಟ್ಟಿ ಎದೆಯ ಎಂಬತ್ತು ಜನ ಒಮ್ಮೆಗೇ ಮೆತ್ತಗಾದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಳೆಯ ಜೊತೆಗಾರ, "ಅಳಲಿ, ಅಳಲಿ. ತಂಡೇಲರು ನಲವತ್ತು ವರ್ಷದಲ್ಲಿ ನನಗೆ ಹೀಗೆ ಒಂದು ಮಾತು ಹೇಳಲಿಲ್ಲ" ಎಂದು ತಾನೂ ಮೂಗು ಸೀಟಿದ. ಅನ್ನದ ಉಂಡೆಯ ಜೊತೆ ಮುಳ್ಳು ಇಳಿಯಿತು. ಕಣ್ಣೀರು ಮಾತ್ರ ಆಮೇಲೂ ನಿಲ್ಲಲಿಲ್ಲ. ಅದು ಮುಳ್ಳಿನದ್ದಲ್ಲ ಎಂದು ಹೇಳಲು ನನಗೆ ನಾಚಿಕೆ ಇಲ್ಲ.

ಗಂಟಲು ಸರಿಯಾದ ಕೂಡಲೇ ಮಾವನ ಕಿವಿಯ ಹತ್ತಿರ ಬಗ್ಗಿ ಕೇಳಿದೆ: "ಮಾವ, ಈಗ ಎಲ್ಲರ ಎದುರು ಹೇಳಿದಿರಲ್ಲ, ಅದು ಸತ್ಯವಾ? ಇನ್ನೊಂದು ಸಲ ಹೇಳಿ."

ಮಾವ ಕೆಂಡದ ಮೇಲಿಂದ ಒಂಬತ್ತನೇ ತುಂಡು ಎತ್ತಿ, ಬೆರಳಿನಿಂದ ಈ ತುದಿಯಿಂದ ಆ ತುದಿಯವರೆಗೆ ತಡವಿ, ಬಾಯಿಗೆ ಹಾಕಿಕೊಂಡರು.

"ಇನ್ನೊಂದು ಸಲ ಬೇಕಾದರೆ" ಎಂದರು, "ಇನ್ನೊಂದು ಮುಳ್ಳು ನುಂಗು."